ನೋಟ್‌ಪುಸ್ತಕ ಹಂಚಿದಲ್ಲಿಗೆ ನಮ್ಮ ಕೆಲಸ ಮುಗಿಯದಿರಲಿ

ಜೂನ್ ತಿಂಗಳು ಬಂತೆಂದರೆ ಮುಂಬಯಿ ಮಹಾನಗರ ಹಾಗೂ ಉಪನಗರಗಳ ನಮ್ಮ ಸಂಘ-ಸಂಸ್ಥೆಗಳಲ್ಲಿ ಒಂದು ಬಗೆಯ ಸಡಗರ ಕಾಣಿಸಿಕೊಳ್ಳುತ್ತದೆ. ಶಾಲೆಗಳು ಪುನರಾರಂಭಗೊಳ್ಳುತ್ತಿದ್ದಂತೆ ಉಚಿತ ಪುಸ್ತಕ ವಿತರಣೆ, ವಿದ್ಯಾರ್ಥಿವೇತನ ಪ್ರದಾನ, ಹತ್ತನೇ ಹಾಗೂ ಹನ್ನೆರಡನೇ ತರಗತಿಯಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಪ್ರತಿಭಾ ಪುರಸ್ಕಾರ ಒಂದರ ಹಿಂದೆ ಒಂದರಂತೆ ಜರಗುತ್ತವೆ. ಕೊಲಾಬಾದಿಂದ ಡೊಂಬಿವಲಿಯವರೆಗೆ, ವಸಾಯಿಯಿಂದ ಪನ್ವೇಲ್‌ವರೆಗೆ ಭಾನುವಾರದ ಸಭಾಗೃಹಗಳು ತುಂಬಿರುತ್ತವೆ. ದಾನಿಗಳು ಉದಾರವಾಗಿ ಕೊಡುತ್ತಾರೆ, ಮಹಿಳಾ ವಿಭಾಗದವರು ಹಿಂದಿನ ದಿನ ರಾತ್ರಿಯವರೆಗೆ ಕುಳಿತು ಪುಸ್ತಕಗಳ ಕಟ್ಟು ಕಟ್ಟುತ್ತಾರೆ, ಯುವ ವಿಭಾಗದವರು ವೇದಿಕೆ ಸಜ್ಜುಗೊಳಿಸುತ್ತಾರೆ. ಇದೆಲ್ಲವೂ ಶ್ಲಾಘನೀಯವೇ. ಹೊರನಾಡಿನಲ್ಲಿದ್ದು ಇಷ್ಟು ವರ್ಷಗಳಿಂದ ತಪ್ಪದೆ ವಿದ್ಯಾದಾನದ ಕಾರ್ಯವನ್ನು ನಡೆಸಿಕೊಂಡು ಬಂದಿರುವ ಎಲ್ಲ ಸಂಸ್ಥೆಗಳೂ ಅಭಿನಂದನಾರ್ಹ.

ಆದರೆ ಒಂದು ಪ್ರಶ್ನೆಯನ್ನು ನಮ್ಮೊಳಗೇ ಕೇಳಿಕೊಳ್ಳುವ ಕಾಲ ಬಂದಿದೆ. ಜೂನ್‌ನಲ್ಲಿ ಪುಸ್ತಕ ಪಡೆದ ಮಗು ಅಕ್ಟೋಬರ್‌ನಲ್ಲಿ ಶಾಲೆಗೆ ಹೋಗುತ್ತಿದೆಯೇ? ಆ ಪುಸ್ತಕದಲ್ಲಿ ಬರೆದದ್ದನ್ನು ಓದಲು ಅದಕ್ಕೆ ಬರುತ್ತದೆಯೇ? ಕಳೆದ ವರ್ಷ ವಿದ್ಯಾರ್ಥಿವೇತನ ಪಡೆದವರಲ್ಲಿ ಈ ವರ್ಷ ಎಷ್ಟು ಮಂದಿ ಮುಂದಿನ ತರಗತಿಯಲ್ಲಿದ್ದಾರೆ? ನಮ್ಮ ವಾರ್ಷಿಕ ವರದಿಗಳಲ್ಲಿ ಎಷ್ಟು ಪುಸ್ತಕ ಹಂಚಿದೆವು, ಎಷ್ಟು ಮೊತ್ತ ವಿತರಿಸಿದೆವು ಎಂಬ ಲೆಕ್ಕ ಪೈಸೆ ಪೈಸೆಗೂ ಇರುತ್ತದೆ. ಎಷ್ಟು ಮಕ್ಕಳು ಶಾಲೆಯಲ್ಲಿ ಉಳಿದರು ಎಂಬ ಲೆಕ್ಕ ಮಾತ್ರ ಹೆಚ್ಚಿನ ವರದಿಗಳಲ್ಲಿ ಕಾಣಸಿಗುವುದಿಲ್ಲ. ಇದು ಯಾರನ್ನೂ ದೂರುವ ಮಾತಲ್ಲ. ಒಂದು ದಿನದ ಕಾರ್ಯಕ್ರಮಕ್ಕೆ ನಾವು ಒಗ್ಗಿಹೋಗಿದ್ದೇವೆ, ವರ್ಷವಿಡೀ ನಡೆಯುವ ಕೆಲಸ ನಮ್ಮ ಕೈತಪ್ಪಿದೆ, ಅಷ್ಟೇ.

ಕೈತಪ್ಪಿದೆ ಎನ್ನಲು ಕಾರಣವಿದೆ. ಒಂದು ಕಾಲದಲ್ಲಿ ಅದೇ ಕೆಲಸವನ್ನು ಈ ನಗರದಲ್ಲಿ ನಮ್ಮವರು ಸೊಗಸಾಗಿ ಮಾಡಿ ತೋರಿಸಿದ್ದರು. ಉಡುಪಿ, ಕುಂದಾಪುರ, ಮಂಗಳೂರು, ಕಾಸರಗೋಡು ಕಡೆಗಳಿಂದ ಬರಿಗೈಯಲ್ಲಿ ಬಂದು ಹೊಟೇಲುಗಳಲ್ಲಿ ಲೋಟ-ಬಟ್ಟಲು ತೊಳೆದು, ಅಲ್ಲೇ ಬೆಂಚಿನ ಮೇಲೆ ಮಲಗುತ್ತಿದ್ದ ಹುಡುಗರಿಗೆ ಅಕ್ಷರದ ದಾರಿ ತೋರಿಸಿದ್ದು ಕನ್ನಡ ರಾತ್ರಿ ಶಾಲೆಗಳು. ಮೊಗವೀರರು, ಬಿಲ್ಲವರು, ಬಂಟರು ಮೊದಲಾದ ಸಮಾಜಗಳ ಸಂಸ್ಥೆಗಳು ರಾತ್ರಿ ಶಾಲೆಗಳನ್ನು ಕಟ್ಟಿ ಬೆಳೆಸಿದವು. ಹಗಲು ಕಚೇರಿಯಲ್ಲಿ ದುಡಿದು ಬಂದವರು ಸಂಜೆ ಅಲ್ಲಿ ಮಾಸ್ತರರಾದರು. ಸಂಬಳಕ್ಕಿಂತ ಹೆಚ್ಚಾಗಿ ಸೇವೆಯೆಂದೇ ತಿಳಿದು ಪಾಠ ಹೇಳಿದರು. ಅಲ್ಲಿ ಕಲಿತವರು ಬ್ಯಾಂಕು ಸೇರಿದರು, ವಕೀಲರಾದರು, ಸ್ವಂತ ಹೊಟೇಲು ತೆರೆದರು, ಇಂದು ನಮ್ಮ ಸಂಘಗಳ ಪದಾಧಿಕಾರಿಗಳಾಗಿಯೂ ಇದ್ದಾರೆ. ಇನ್ನೂ ಹಿಂದಕ್ಕೆ ಹೋದರೆ, ಇದೇ ಮಹಾರಾಷ್ಟ್ರದ ಪುಣೆಯಲ್ಲಿ ಮಹಾತ್ಮ ಜ್ಯೋತಿಬಾ ಫುಲೆ ಹಾಗೂ ಸಾವಿತ್ರಿಬಾಯಿ ದಂಪತಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ 1855ರಲ್ಲಿ ದುಡಿಯುವವರಿಗಾಗಿ ರಾತ್ರಿ ಶಾಲೆಯನ್ನೂ ಆರಂಭಿಸಿದ್ದರು. ನಮ್ಮ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಸಮಾಜದ ವಿರೋಧವನ್ನು ಲೆಕ್ಕಿಸದೆ ದಲಿತ ಮಕ್ಕಳಿಗೆ ಶಾಲೆ ತೆರೆದದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ಜನ್ಮಭೂಮಿ, ಕರ್ಮಭೂಮಿ ಎರಡರಲ್ಲೂ ನಮಗೆ ಈ ಪರಂಪರೆಯ ಹಿನ್ನೆಲೆಯಿದೆ.

ಕನ್ನಡ ರಾತ್ರಿ ಶಾಲೆಗಳು ಕ್ರಮೇಣ ಸೊರಗಿದವು. ಅದರ ಬಗ್ಗೆ ಹಲವರಿಗೆ ಬೇಸರವಿದೆ. ಆದರೆ ಅದಕ್ಕೆ ಸಂತಸದ ಕಾರಣವೂ ಒಂದಿದೆ. ಕರಾವಳಿಯ ಮಕ್ಕಳು ಊರಲ್ಲೇ ಹಗಲು ಶಾಲೆಗೆ ಹೋಗಿ ಕಲಿಯುವಂತಾಯಿತು. ಹೊಟೇಲು, ಢಾಬಾ ಹಾಗೂ ಮನೆಗೆಲಸದಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ಸರಕಾರ ನಿಷೇಧಿಸಿತು. 2016ರ ತಿದ್ದುಪಡಿ ಆ ಕಾನೂನನ್ನು ಮತ್ತಷ್ಟು ಬಿಗಿಗೊಳಿಸಿತು. ಹೊಟೇಲು ಹುಡುಗ ಎಂಬ ಹತ್ತು ಹನ್ನೆರಡು ವರ್ಷದ ಬಾಲಕ ನಮ್ಮ ಸಮಾಜದಿಂದ ಹೆಚ್ಚುಕಡಿಮೆ ಮರೆಯಾದ. ಇದಕ್ಕಿಂತ ದೊಡ್ಡ ಸಾಧನೆ ಬೇರೆ ಬೇಕೇ? ಆದರೆ ಆ ಹುಡುಗ ಮರೆಯಾದಂತೆ, ಅವನಿಗಾಗಿ ವಾರದ ಆರು ದಿನ ಸಮಯ ಕೊಡುತ್ತಿದ್ದ ನಮ್ಮ ಅಭ್ಯಾಸವೂ ಮರೆಯಾಯಿತು. ಇಂದು ಅಂಥ ಮಗುವೇ ಈ ನಗರದಲ್ಲಿ ಇಲ್ಲವೆಂದಾದರೆ ಈ ಮಾತನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು.

ಆ ಮಗು ಇದೆ. ಅದು ಬೇರೆ ಜಿಲ್ಲೆಯಿಂದ ಬಂದಿದೆ, ಬೇರೆ ಜಾಗದಲ್ಲಿ ನಿಂತಿದೆ. ಘನ್ಸೋಲಿ, ಖಾರ್‌ಘರ್, ಕಲ್ಯಾಣ್, ವಿರಾರ್ ಎಲ್ಲೇ ಇರಲಿ, ಕಟ್ಟಡ ಏಳುತ್ತಿರುವಲ್ಲಿಗೆ ಒಮ್ಮೆ ಹೋಗಿ ತಗಡಿನ ಶೆಡ್‌ಗಳ ಬಳಿ ನಿಂತು ಕಿವಿಗೊಟ್ಟರೆ ಕಲಬುರಗಿ, ಯಾದಗಿರಿ, ವಿಜಯಪುರ, ಬೀದರ್, ರಾಯಚೂರು ಸೀಮೆಯ ಕನ್ನಡ ಕೇಳಿಸುತ್ತದೆ. ಬೆಳಗ್ಗೆ ಕೂಲಿಗಾಗಿ ನಾಕಾದಲ್ಲಿ ನಿಲ್ಲುವವರಲ್ಲಿ ಲಂಬಾಣಿ ತಾಂಡಾಗಳಿಂದ ಬಂದವರೂ ಇರುತ್ತಾರೆ. ಮಳೆ ಕೈಕೊಟ್ಟು, ಸಾಲ ತಲೆಯ ಮೇಲೆ ಬಂದು, ಗುಳೆ ಹೊರಟ ಕುಟುಂಬಗಳಿವು. ತಂದೆ-ತಾಯಿ ಇಬ್ಬರೂ ಕೆಲಸಕ್ಕೆ ಹೋದರೆ ಹತ್ತು ವರ್ಷದ ಹೆಣ್ಣುಮಗಳು ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಮರಳಿನ ರಾಶಿಯ ಪಕ್ಕ ದಿನ ಕಳೆಯುತ್ತಾಳೆ. ಊರಲ್ಲಿದ್ದಾಗ ಅವಳು ಶಾಲೆಗೆ ಹೋಗುತ್ತಿದ್ದಳು. ಆ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇನ್ನೂ ಇರಲೂಬಹುದು.

ಅವಳು ಶಾಲೆ ಬಿಟ್ಟದ್ದು ಓದು ಬೇಡವಾಗಿ ಅಲ್ಲ. ಕರ್ನಾಟಕದಲ್ಲಿ ಶಾಲೆಗಳು ಮೇ ಕೊನೆಗೆ ಅಥವಾ ಜೂನ್ ಮೊದಲಿಗೆ ತೆರೆಯುತ್ತವೆ. ಸುಗ್ಗಿ ಮುಗಿದು ದೀಪಾವಳಿಯ ಆಸುಪಾಸಿಗೆ ಗುಳೆ ಹೊರಡುವ ಕುಟುಂಬ ಇಲ್ಲಿಗೆ ತಲುಪುವಾಗ ಇಲ್ಲಿನ ಶಾಲೆಗಳಲ್ಲಿ ಅರ್ಧ ವರ್ಷ ಮುಗಿದಿರುತ್ತದೆ. ಯುಗಾದಿಗೋ ಊರ ಜಾತ್ರೆಗೋ ಮರಳಿದರೆ ಅಲ್ಲಿ ಪರೀಕ್ಷೆ ಕಳೆದಿರುತ್ತದೆ. ಒಂದು ಕಟ್ಟಡ ಮುಗಿದೊಡನೆ ಮುಕಾದಮ ಹೇಳಿದ ಕಡೆಗೆ ಸಂಸಾರವೇ ಎದ್ದು ಹೋಗುತ್ತದೆ. ಕೈಯಲ್ಲಿ ಟಿ.ಸಿ. ಇರುವುದಿಲ್ಲ, ಇದ್ದರೂ ಅದು ಕನ್ನಡದಲ್ಲಿರುತ್ತದೆ. ಸಮೀಪದ ಶಾಲೆಯ ಮುಖ್ಯೋಪಾಧ್ಯಾಯರಿಗೆ ಕನ್ನಡ ಬಾರದು, ತಾಯಿಗೆ ಮರಾಠಿ ಬಾರದು. ಎರಡು ಸಲ ಹೋಗಿ ಬಂದರೆ ಎರಡು ದಿನದ ಕೂಲಿ ಹೋಯಿತು. ಮೂರನೇ ಸಲ ಯಾರು ಹೋಗುತ್ತಾರೆ?

ಕಾನೂನು ಈ ಮಗುವಿನ ಪರವಾಗಿಯೇ ಇದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣ ಸಿಗಲೇಬೇಕು. ವಲಸೆ ಬಂದ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವ ಹೊಣೆಯನ್ನು ಕಾಯಿದೆಯ 9ನೇ ವಿಧಿ ಸ್ಥಳೀಯ ಆಡಳಿತದ ಮೇಲೆ ಹೊರಿಸಿದೆ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದರೂ ಟಿ.ಸಿ. ಬರುವುದು ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 5ನೇ ವಿಧಿ ಹೇಳುತ್ತದೆ. ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣಕ್ಕೂ ಹಿಂದಕ್ಕೆ ಕಳುಹಿಸುವಂತಿಲ್ಲ. ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕೆಂಬುದು 4ನೇ ವಿಧಿ. ಇಷ್ಟೆಲ್ಲ ಕಾಗದದ ಮೇಲಿದೆ. ಆದರೆ ಇದನ್ನು ಓದಿ ತಿಳಿದು, ಆ ತಾಯಿಯ ಜತೆಗೆ ಶಾಲೆಯ ಕಚೇರಿಯವರೆಗೆ ನಡೆದುಹೋಗಿ, ನಮ್ರವಾಗಿಯೂ ದೃಢವಾಗಿಯೂ ಮಾತಾಡುವವರು ಒಬ್ಬರು ಬೇಕು.

ಈ ಕೆಲಸ ಸಾಧ್ಯವೆಂಬುದನ್ನು ಸ್ವಯಂಸೇವಾ ಸಂಸ್ಥೆಗಳು ಹಿಂದೆಯೇ ತೋರಿಸಿಕೊಟ್ಟಿವೆ. 1969ರಲ್ಲಿ ದಿಲ್ಲಿಯ ಕಟ್ಟಡ ಕಾಮಗಾರಿಯ ಸ್ಥಳವೊಂದರಲ್ಲಿ ಧೂಳಿನಲ್ಲಿ ಬಿದ್ದುಕೊಂಡಿದ್ದ ಕೂಲಿಕಾರರ ಮಕ್ಕಳನ್ನು ಕಂಡು ಮೀರಾ ಮಹಾದೇವನ್ ಅವರು ಆರಂಭಿಸಿದ ಮೊಬೈಲ್ ಕ್ರೆಷಸ್ ಮುಂದೆ ಮುಂಬಯಿಗೂ ಬಂತು. ಕಟ್ಟಡ ಎಲ್ಲಿಗೆ ಹೋಯಿತೋ ಶಿಶುವಿಹಾರವೂ ಅಲ್ಲಿಗೆ ಹೋಯಿತು. 1988ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಡೋರ್ ಸ್ಟೆಪ್ ಸ್ಕೂಲ್, ಶಾಲೆಗೆ ಬಾರದ ಮಕ್ಕಳ ಮನೆಬಾಗಿಲಿಗೇ ಶಾಲೆಯನ್ನು ಒಯ್ದಿತು. ಬಸ್ಸಿನೊಳಗೇ ತರಗತಿ ನಡೆಸಿತು. ಪುಣೆಯಲ್ಲಿ ಕಟ್ಟಡ ಕಾರ್ಮಿಕರ ಮಕ್ಕಳ ನಡುವೆ ಆ ಸಂಸ್ಥೆ ಮಾಡಿದ ಕೆಲಸವನ್ನು ಪುಣೆಯ ಕನ್ನಡಿಗರು ಹತ್ತಿರದಿಂದ ನೋಡಿರಬಹುದು. 1990ರ ದಶಕದ ಮಧ್ಯಭಾಗದಲ್ಲಿ ಇದೇ ನಗರದ ಕೊಳೆಗೇರಿಗಳಲ್ಲಿ ಬಾಲವಾಡಿಗಳ ಮೂಲಕ ಆರಂಭವಾದ ಪ್ರಥಮ್ ಸಂಸ್ಥೆ ಇಂದು ದೇಶವ್ಯಾಪಿಯಾಗಿದೆ. 2008ರಿಂದ ಮಾಸೂಮ್ ಎಂಬ ಸಂಸ್ಥೆ ಮುಂಬಯಿಯ ರಾತ್ರಿ ಶಾಲೆಗಳಿಗೆ ಆಸರೆಯಾಗಿ ನಿಂತಿದೆ. ನಾವು ನಮ್ಮ ರಾತ್ರಿ ಶಾಲೆಗಳ ನೆನಪಿನಲ್ಲಿ ಕಣ್ಣೀರು ಹಾಕುತ್ತಿದ್ದಾಗ, ಉಳಿದ ರಾತ್ರಿ ಶಾಲೆಗಳ ಕೈಹಿಡಿಯಲು ಬೇರೆಯವರು ಮುಂದೆ ಬಂದರು ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಈ ಸಂಸ್ಥೆಗಳ ಕಾರ್ಯವಿಧಾನದಲ್ಲಿ ನಾವು ಗಮನಿಸಬೇಕಾದುದು ಮೂರು ಅಂಶಗಳನ್ನು. ಮೊದಲನೆಯದಾಗಿ, ಮಗು ತಮ್ಮ ಬಳಿಗೆ ಅರ್ಜಿ ಹಿಡಿದು ಬರಲಿ ಎಂದು ಅವರು ಕಾಯಲಿಲ್ಲ, ಮಗು ಇದ್ದಲ್ಲಿಗೆ ತಾವೇ ಹೋದರು. ಎರಡನೆಯದಾಗಿ, ವರ್ಷಕ್ಕೊಮ್ಮೆ ಬಂದು ಹೋಗದೆ ಪ್ರತಿದಿನ, ಪ್ರತಿವಾರ ತಪ್ಪದೆ ಬಂದರು. ಮೂರನೆಯದಾಗಿ, ಮಗು ಕಲಿಯಿತೇ ಎಂದು ಪರೀಕ್ಷಿಸಿ ನೋಡಿದರು. ಪ್ರಥಮ್ 2005ರಿಂದ ಅಸರ್ ಎಂಬ ಹೆಸರಿನಲ್ಲಿ ಗ್ರಾಮೀಣ ಭಾರತದ ಮಕ್ಕಳ ಕಲಿಕೆಯ ಸಮೀಕ್ಷೆ ನಡೆಸುತ್ತ ಬಂದಿದೆ. ಸರಕಾರಿ ಶಾಲೆಯ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಬಲ್ಲವರು ಅರ್ಧಕ್ಕಿಂತಲೂ ಕಡಿಮೆ ಎಂಬುದು 2024ರ ಸಮೀಕ್ಷೆಯಲ್ಲೂ ಕಂಡುಬಂತು. ಹಾಗಾಗಿ ತರಗತಿಯ ಸಂಖ್ಯೆ ನೋಡದೆ, ಅಕ್ಷರ ಬಾರದವರು ಒಂದು ಕಡೆ, ಪದ ಓದುವವರು ಒಂದು ಕಡೆ, ವಾಕ್ಯ ಓದುವವರು ಒಂದು ಕಡೆ ಎಂದು ಗುಂಪು ಮಾಡಿ ಪಾಠ ಹೇಳುವ ಕ್ರಮವನ್ನು ಅವರು ರೂಢಿಗೆ ತಂದರು. ಇದಕ್ಕೆ ಬಿ.ಎಡ್. ಪದವಿ ಬೇಕಿಲ್ಲ. ತಾಳ್ಮೆಯಿರುವ ಯಾವ ಗೃಹಿಣಿಯೂ, ಯಾವ ಕಾಲೇಜು ವಿದ್ಯಾರ್ಥಿಯೂ, ಯಾವ ನಿವೃತ್ತ ಬ್ಯಾಂಕ್ ಅಧಿಕಾರಿಯೂ ಸ್ವಲ್ಪ ತರಬೇತಿ ಪಡೆದು ಮಾಡಬಹುದಾದ ಕೆಲಸವಿದು.

ಅಂಥ ದೊಡ್ಡ ಸಂಸ್ಥೆಗಳಿರುವಾಗ ಕನ್ನಡ ಸಂಘ ಯಾಕೆ ಬೇಕು ಎಂದು ಕೆಲವರು ಕೇಳಬಹುದು. ನಮ್ಮ ಉತ್ತರ ಇಷ್ಟೇ. ಹಣ ಯಾರೂ ಕೊಡಬಹುದು. ಕಂಪೆನಿಗಳು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಮೀಸಲಿಡಬೇಕೆಂಬ ನಿಯಮ 2014ರಿಂದ ಜಾರಿಯಲ್ಲಿದೆ, ಶಿಕ್ಷಣಕ್ಕೆ ಅದರಲ್ಲಿ ದೊಡ್ಡ ಪಾಲು ಹೋಗುತ್ತದೆ. ಆದರೆ ತಾಯಿಯೊಡನೆ ಕನ್ನಡದಲ್ಲಿ, ಮುಖ್ಯೋಪಾಧ್ಯಾಯರೊಡನೆ ಮರಾಠಿಯಲ್ಲಿ, ಪಾಲಿಕೆಯ ಅಧಿಕಾರಿಯೊಡನೆ ಹಿಂದಿ-ಇಂಗ್ಲಿಷಿನಲ್ಲಿ ಮಾತಾಡಬಲ್ಲವರು, ಕಲಬುರಗಿಯ ಶಾಲೆಯ ಟಿ.ಸಿ. ಓದಿ ಅದರ ಅರ್ಥ ಹೇಳಬಲ್ಲವರು, ಬೇಕಾದರೆ ಆ ಊರಿನ ಮಾಸ್ತರರಿಗೆ ಫೋನು ಮಾಡಿ ವಿಚಾರಿಸಬಲ್ಲವರು ನಾವು ಮಾತ್ರ. ಎರಡು ಮೂರು ತಲೆಮಾರು ಈ ನಗರದಲ್ಲಿ ಬಾಳಿ ನಾವು ಗಳಿಸಿದ ಆಸ್ತಿಗಳಲ್ಲಿ ಈ ಭಾಷೆಗಳೂ ಸೇರಿವೆ. ಫ್ಲ್ಯಾಟು, ಹೊಟೇಲುಗಳನ್ನು ಹಂಚಿಕೊಳ್ಳಲಾಗದು, ಇದನ್ನು ಹಂಚಿಕೊಳ್ಳಬಹುದು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ನಮ್ಮ ಬಹುತೇಕ ಸಂಘಗಳ ವಿದ್ಯಾನಿಧಿ ಆಯಾ ಸಮಾಜದ ಮಕ್ಕಳಿಗೆ ಮೀಸಲು. ಅರ್ಜಿಗೆ ಸದಸ್ಯರ ಶಿಫಾರಸು ಬೇಕು, ಕಳೆದ ವರ್ಷದ ಅಂಕಪಟ್ಟಿ ಬೇಕು. ದಾನಿಗಳ ಇಚ್ಛೆಯಂತೆ ನಿಧಿ ವಿನಿಯೋಗವಾಗುವುದು ನ್ಯಾಯವೇ, ಅದನ್ನು ತಪ್ಪೆನ್ನಲಾಗದು. ಆದರೆ ಆ ಕೂಲಿಕಾರನ ಮಗಳಿಗೆ ಯಾವ ಸಂಘದ ಸದಸ್ಯರ ಪರಿಚಯವಿದೆ? ಶಾಲೆಗೇ ಹೋಗದವಳು ಯಾವ ಅಂಕಪಟ್ಟಿ ತರಬೇಕು? ರಾಜ್ಯೋತ್ಸವದ ದಿನ ನಾವು ಅಖಂಡ ಕರ್ನಾಟಕದ ಹೆಸರು ಹೇಳುತ್ತೇವೆ. ಆ ಕರ್ನಾಟಕದಲ್ಲಿ ಯಾದಗಿರಿಯೂ ಇದೆ. ನಮ್ಮ ಸಭಾಗೃಹದಿಂದ ಅರ್ಧ ಕಿಲೋಮೀಟರ್ ದೂರದ ಶೆಡ್ಡಿನಲ್ಲಿ ಕನ್ನಡ ಮಾತಾಡುವ ಮಗು ಅಕ್ಷರವಿಲ್ಲದೆ ಬೆಳೆಯುತ್ತಿದ್ದರೆ, ನಮ್ಮ ವೇದಿಕೆಯ ಮೇಲಿನ ಕನ್ನಡಾಭಿಮಾನ ಅಷ್ಟರಮಟ್ಟಿಗೆ ಸೊರಗಿದಂತೆಯೇ ಸರಿ.

ಮರಾಠಿ ಶಾಲೆಗೆ ಸೇರಿಸಿದರೆ ಕನ್ನಡಕ್ಕೆ ನಷ್ಟವಲ್ಲವೇ ಎಂಬ ಆಕ್ಷೇಪವೂ ಬರಬಹುದು. ಮುಂಬಯಿ ಮಹಾನಗರಪಾಲಿಕೆ ಹಲವು ಭಾಷೆಗಳ ಶಾಲೆಗಳೊಂದಿಗೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ದೀರ್ಘಕಾಲದಿಂದ ನಡೆಸಿಕೊಂಡು ಬಂದಿದೆ. ಮಕ್ಕಳ ಕೊರತೆಯೇ ಅವುಗಳ ದೊಡ್ಡ ಸಮಸ್ಯೆ. ಸಮೀಪದಲ್ಲಿ ಅಂಥ ಶಾಲೆಯಿದ್ದರೆ ಈ ಮಕ್ಕಳನ್ನು ಮೊದಲು ಅಲ್ಲಿಗೇ ಸೇರಿಸೋಣ, ಶಾಲೆಗೂ ಜೀವ ಬರುತ್ತದೆ. ಇಲ್ಲದಿದ್ದರೆ ಹತ್ತಿರದ ಮರಾಠಿ ಶಾಲೆಗೆ ಸೇರಿಸೋಣ. ಶಾಲೆಯೇ ಇಲ್ಲದಿರುವುದಕ್ಕಿಂತ ಬೇರೆ ಭಾಷೆಯ ಶಾಲೆ ಸಾವಿರ ಪಾಲು ಮೇಲು. ಜತೆಗೆ ಭಾನುವಾರ ಎರಡು ಗಂಟೆ ಕನ್ನಡ ಓದು-ಬರಹ ಕಲಿಸೋಣ. ಊರಿಗೆ ಮರಳಿದಾಗ ಆ ಮಗು ಅಲ್ಲಿನ ಶಾಲೆಯಲ್ಲಿ ಮುಂದುವರಿಯಬೇಕಾದರೆ ಕನ್ನಡ ಅಗತ್ಯ. ಈ ಮಕ್ಕಳ ಮಟ್ಟಿಗೆ ಕನ್ನಡ ಕೇವಲ ಅಭಿಮಾನದ ಪ್ರಶ್ನೆಯಲ್ಲ, ಓದು ಕಡಿದುಹೋಗದಂತೆ ಹಿಡಿದಿಡುವ ಹಗ್ಗ.

ಹಾಗಾದರೆ ಏನು ಮಾಡಬಹುದು? ಪ್ರತಿಯೊಂದು ಸಂಘವೂ ತನ್ನ ಪರಿಸರದ ಒಂದೇ ಒಂದು ಕಾಮಗಾರಿ ಸ್ಥಳವನ್ನೋ ಒಂದು ಪಾಲಿಕೆ ಶಾಲೆಯನ್ನೋ ಆರಿಸಿಕೊಳ್ಳಲಿ. ಹತ್ತು ಮಂದಿ ಸ್ವಯಂಸೇವಕರು ಸಿಕ್ಕರೆ ಸಾಕು. ಒಬ್ಬೊಬ್ಬರು ವಾರಕ್ಕೆ ಎರಡು ಗಂಟೆ ಕೊಟ್ಟರೆ ವರ್ಷಕ್ಕೆ ತಲಾ ನೂರು ಗಂಟೆ, ಹತ್ತು ಮಂದಿಗೆ ಸಾವಿರ ಗಂಟೆ. ಯಾವ ಪುಸ್ತಕ ವಿತರಣಾ ಕಾರ್ಯಕ್ರಮವೂ ಒಂದು ಮಗುವಿಗೆ ಇಷ್ಟು ಸಮಯ ಕೊಟ್ಟದ್ದಿಲ್ಲ. ಮೊದಲ ತಿಂಗಳು ಪಾಠವೇ ಬೇಡ. ಎಷ್ಟು ಮಕ್ಕಳಿದ್ದಾರೆ, ಯಾವ ಊರು, ಎಷ್ಟನೇ ತರಗತಿಯವರೆಗೆ ಕಲಿತಿದ್ದಾರೆ ಎಂದು ಬರೆದುಕೊಂಡು, ಶಾಲೆಗೆ ಸೇರಿಸುವ ಕೆಲಸ ಆಗಲಿ. ಕಾಗದಪತ್ರದ ಕೆಲಸಕ್ಕೆ ನಿವೃತ್ತ ಸರಕಾರಿ ಹಾಗೂ ಬ್ಯಾಂಕ್ ನೌಕರರಿಗಿಂತ ಯೋಗ್ಯರು ಬೇರೆ ಯಾರಿದ್ದಾರೆ? ಅನುಭವವಿರುವ ನೋಂದಾಯಿತ ಸಂಸ್ಥೆಯೊಂದರ ಕೈಹಿಡಿದು ಹೊರಟರೆ ದಾರಿ ತಪ್ಪುವುದಿಲ್ಲ.

ವಿದ್ಯಾರ್ಥಿವೇತನದ ಕ್ರಮವನ್ನೂ ಸ್ವಲ್ಪ ಬದಲಿಸಬಹುದು. ನೂರು ಮಂದಿಗೆ ಐನೂರು ರೂಪಾಯಿಯಂತೆ ಹಂಚಿದರೆ ಆಗುವುದು ಐವತ್ತು ಸಾವಿರ. ಅದೇ ಮೊತ್ತವನ್ನು ಹತ್ತು ಮಕ್ಕಳಿಗೆ ಐದು ಸಾವಿರದಂತೆ ಎಂಟನೇ ತರಗತಿಯಿಂದ ಹನ್ನೆರಡರವರೆಗೆ ಪ್ರತಿವರ್ಷ ಕೊಟ್ಟರೆ ಹತ್ತು ಮನೆಗಳು ದಡ ಸೇರುತ್ತವೆ. ಸರಕಾರದ ಯೋಜನೆಗಳನ್ನೂ ಬಳಸಿಕೊಳ್ಳಬೇಕು. ಸರಕಾರಿ, ಪಾಲಿಕೆ ಹಾಗೂ ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳು ರಾಷ್ಟ್ರೀಯ ಮೀನ್ಸ್-ಕಮ್-ಮೆರಿಟ್ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಬಾರದು. ಈ ಪರೀಕ್ಷೆಗೆ ತರಬೇತಿ ನೀಡಲು ಒಂದು ಕೋಣೆ, ಒಂದು ಕಪ್ಪುಹಲಗೆ, ಇಬ್ಬರು ಶಿಕ್ಷಕರು ಸಾಕು. ಸಂಘದ ಒಂದು ವರ್ಷದ ಶ್ರಮ ಒಂದು ಮಗುವಿಗೆ ನಾಲ್ಕು ವರ್ಷದಲ್ಲಿ 48,000 ರೂಪಾಯಿ ತಂದುಕೊಡುತ್ತದೆ.

ಎರಡು ಎಚ್ಚರಿಕೆಯ ಮಾತು. ಮಕ್ಕಳ ಸುರಕ್ಷತೆ ಎಲ್ಲಕ್ಕಿಂತ ಮೊದಲು. ಮಕ್ಕಳೊಂದಿಗೆ ಯಾವತ್ತೂ ಇಬ್ಬರು ಹಿರಿಯರಾದರೂ ಜತೆಗಿರಬೇಕು, ಸ್ವಯಂಸೇವಕರ ಹಿನ್ನೆಲೆಯನ್ನು ವಿಚಾರಿಸಿಯೇ ಸೇರಿಸಿಕೊಳ್ಳಬೇಕು, 2012ರ ಪೋಕ್ಸೊ ಕಾಯಿದೆಯ ಅರಿವು ಎಲ್ಲರಿಗೂ ಇರಬೇಕು. ಇನ್ನೊಂದು, ಮಗುವಿನ ಮಾನ. ಬಡತನದ ಕಾರಣಕ್ಕೆ ವೇದಿಕೆಗೆ ಕರೆದು, ಗಣ್ಯರ ಸಾಲಿನ ಮುಂದೆ ಪುಸ್ತಕ ಹಿಡಿಸಿ ಫೋಟೋ ತೆಗೆಸುವಾಗ ಆ ಮಗುವಿನ ಮುಖವನ್ನೊಮ್ಮೆ ನೋಡಬೇಕು. ಹದಿಮೂರು ಹದಿನಾಲ್ಕರ ಮಗುವಿಗೆ ಎಲ್ಲವೂ ಅರ್ಥವಾಗುತ್ತದೆ. ಅಂಥ ಫೋಟೋಗಳನ್ನು ಈ ಪುಟದಲ್ಲಿ ವರ್ಷವೂ ಪ್ರಕಟಿಸುತ್ತ ಬಂದಿರುವ ನಮಗೂ ಈ ಮಾತು ಅನ್ವಯಿಸುತ್ತದೆ. ದಾನಿಗಳ ಹೆಸರು ಖಂಡಿತ ಬರಲಿ, ಪಡೆದವರ ಮುಖ ಬರಬೇಕೆಂದಿಲ್ಲ.

ಕಾರ್ಯಕರ್ತರೇ ಸಿಗುವುದಿಲ್ಲ, ಯುವಕರು ಸಂಘದ ಕಡೆಗೆ ಬರುವುದೇ ಇಲ್ಲ ಎಂಬ ಕೊರಗು ಪ್ರತಿಯೊಂದು ಮಹಾಸಭೆಯಲ್ಲೂ ಕೇಳಿಬರುತ್ತದೆ. ಕುರ್ಚಿ ಜೋಡಿಸಲು, ಅತಿಥಿಗಳಿಗೆ ಹೂಗುಚ್ಛ ತಂದುಕೊಡಲು ಮಾತ್ರ ಕರೆದರೆ ಅವರು ಯಾಕೆ ಬಂದಾರು? ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಕನ್ನಡ ಮಾತು ಅಷ್ಟಿಷ್ಟು ಬರುತ್ತದೆ. ಒಂದು ಮಗುವಿಗೆ ಓದು ಕಲಿಸುವ ಕೆಲಸವನ್ನು ಅವರ ಕೈಗೆ ಕೊಟ್ಟು ನೋಡೋಣ. ಕಲಿಸುತ್ತ ಅವರ ಕನ್ನಡವೂ ಸುಧಾರಿಸೀತು.

ಈ ಸಲದ ಮಹಾಸಭೆಯ ವಿಷಯಪಟ್ಟಿಯಲ್ಲಿ ಲೆಕ್ಕಪತ್ರ ಮಂಜೂರಾತಿ, ಲೆಕ್ಕಪರಿಶೋಧಕರ ನೇಮಕದ ಜತೆಗೆ ಇದೊಂದು ವಿಷಯವನ್ನೂ ಸೇರಿಸುವಂತೆ ಎಲ್ಲ ಸಂಘಗಳ ಗೌರವ ಕಾರ್ಯದರ್ಶಿಗಳಲ್ಲಿ ನಮ್ಮ ವಿನಂತಿ. ಮುಂದಿನ ವರ್ಷದ ವಾರ್ಷಿಕ ವರದಿಯಲ್ಲಿ, ಹಂಚಿದ ಪುಸ್ತಕಗಳ ಸಂಖ್ಯೆಯ ಕೆಳಗೆ ಇನ್ನೊಂದು ಸಾಲು ಬರಲಿ: ನಾವು ಶಾಲೆಗೆ ಸೇರಿಸಿದ ಮಕ್ಕಳೆಷ್ಟು, ಅವರಲ್ಲಿ ಈಗಲೂ ಶಾಲೆಯಲ್ಲಿರುವವರೆಷ್ಟು. ಮೊದಲ ವರ್ಷ ಆ ಸಂಖ್ಯೆ ನಾಲ್ಕೋ ಐದೋ ಇದ್ದರೂ ನಾಚಿಕೆ ಪಡಬೇಕಾಗಿಲ್ಲ. ಹೊಟೇಲಿನ ಬಾಗಿಲು ಮುಚ್ಚಿದ ಮೇಲೆ ನಿದ್ದೆಗಣ್ಣಿನಲ್ಲಿ ಬಂದು ಕೂರುತ್ತಿದ್ದ ನಾಲ್ಕೈದು ಹುಡುಗರಿಗಾಗಿ ಯಾರೋ ಒಬ್ಬ ಮಾಸ್ತರರು ದೀಪ ಹಚ್ಚಿಟ್ಟು ಕಾದಿದ್ದರು. ಅವರ ಋಣ ನಮ್ಮ ಮೇಲಿದೆ. ಅದನ್ನು ತೀರಿಸುವ ವಿಳಾಸ ನಮ್ಮ ಪಕ್ಕದ ರಸ್ತೆಯಲ್ಲೇ ಇದೆ.